ಮೆದುಳು ಓಡಿಸೋಕೆ ಯಾವ ಕಾರ್ಡ್ ಕೊಳ್ಳಲಿ?

ಪ್ರಶ್ನೆ: ನಾನು ಎಂಜಿನಿಯರಿಂಗ್ ಕೊನೆಯ ವರ್ಷದ ವಿದ್ಯಾರ್ಥಿ. ಪ್ರಾಜೆಕ್ಟಿಗೆ ಮೆದುಳಿನ ಸಿಮ್ಯುಲೇಶನ್ ಆರಿಸಿಕೊಂಡಿದ್ದೇನೆ. ನನ್ನ ಲ್ಯಾಪ್‌ಟಾಪಿನಲ್ಲಿ 16 ಜಿಬಿ ಮೆಮೊರಿ ಇದೆ. 24 ಜಿಬಿಯ ಒಂದೇ ಒಂದು ಗ್ರಾಫಿಕ್ಸ್ ಕಾರ್ಡಿನಲ್ಲಿ ಕೋತಿಯ ಮೆದುಳಿನ ದೊಡ್ಡ ಭಾಗವನ್ನೇ ಓಡಿಸಿದ್ದಾರೆ ಅಂತ ನನ್ನ ಸ್ನೇಹಿತ ಹೇಳ್ತಾನೆ. ಮನೆಯಲ್ಲಿ ಕೇಳಿದರೆ ಅಂಥ ಕಾರ್ಡ್ ಕೊಡಿಸಬಹುದು. ಕೊಳ್ಳಲಾ? ಇನ್ನೊಂದು ಪ್ರಶ್ನೆ: ಸಾಕಷ್ಟು ನ್ಯೂರಾನ್ ಹಾಕಿದರೆ ಅದು ತಾನಾಗಿಯೇ ಕಲಿಯಲು ಶುರು ಮಾಡುತ್ತದೆಯೇ?

ಉತ್ತರ: ಸದ್ಯಕ್ಕೆ ಕೊಳ್ಳಬೇಡಿ. ಮನೆಯವರ ದುಡ್ಡು ಮನೆಯಲ್ಲೇ ಇರಲಿ. ನಿಮ್ಮ ಸ್ನೇಹಿತ ಹೇಳಿದ್ದು ಸುಳ್ಳಲ್ಲ. ಆದರೆ ಆ ಕಥೆ ನಿಮ್ಮವರೆಗೆ ಬಂದಿರುವುದು ಅರ್ಧ ಮಾತ್ರ. ಉಳಿದ ಅರ್ಧದಲ್ಲೇ ನಿಮ್ಮ ಎರಡನೇ ಪ್ರಶ್ನೆಗೂ ಉತ್ತರ ಇದೆ. ಹಾಗಾಗಿ ಎರಡನ್ನೂ ಒಟ್ಟಿಗೇ ಹೇಳುತ್ತೇನೆ, ಸ್ವಲ್ಪ ಉದ್ದವಾದರೂ ಓದಿ.

ಮನುಷ್ಯನ ಮೆದುಳಿನಲ್ಲಿ ಸುಮಾರು 8,600 ಕೋಟಿ ನ್ಯೂರಾನ್‌ಗಳಿವೆ. ಎಲ್ಲರೂ ಈ ಅಂಕಿ ಕೇಳಿಯೇ ಹೌಹಾರುತ್ತಾರೆ. ಆದರೆ ಕಂಪ್ಯೂಟರಿಗೆ ನ್ಯೂರಾನ್ ದೊಡ್ಡ ತಲೆನೋವಲ್ಲ. ಸರಳವಾದ ಮಾದರಿಯಲ್ಲಿ ಒಂದು ನ್ಯೂರಾನಿಗೆ ನಾಲ್ಕೈದು ಅಂಕಿ ಸಾಕು. ಈಗ ವೋಲ್ಟೇಜ್ ಎಷ್ಟಿದೆ, ಎಷ್ಟು ಮುಟ್ಟಿದರೆ ಸ್ಪೈಕ್ (ಕ್ಷಣ ಮಾತ್ರದ ವಿದ್ಯುತ್ ಮಿಡಿತ) ಹೊಡೆಯುತ್ತದೆ, ಹೊಡೆದ ಮೇಲೆ ಎಷ್ಟು ಹೊತ್ತು ಸುಮ್ಮನಿರುತ್ತದೆ, ಇಷ್ಟೇ. ನಿಜವಾದ ತಲೆನೋವು ಸಿನಾಪ್ಸ್‌ಗಳದ್ದು. ಅಂದರೆ ಒಂದು ನ್ಯೂರಾನ್ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವ ಕೊಂಡಿಗಳದ್ದು. ಒಂದೊಂದು ನ್ಯೂರಾನಿಗೂ ಇವು ಸಾವಿರಗಟ್ಟಲೆ ಇರುತ್ತವೆ. ಪ್ರತಿ ಕೊಂಡಿಗೂ ಯಾರಿಗೆ ಸುದ್ದಿ, ಎಷ್ಟು ಜೋರಾಗಿ, ಎಷ್ಟು ತಡವಾಗಿ ಅಂತ ಬರೆದಿಡಬೇಕು.

2013ರಲ್ಲಿ ಜಪಾನಿನ ಕೋಬೆಯಲ್ಲಿದ್ದ ಕೆ ಕಂಪ್ಯೂಟರ್ ಎಂಬ ಸೂಪರ್ ಕಂಪ್ಯೂಟರಿನ ಮೇಲೆ, ನ್ಯೂರಾನ್ ಜಾಲಗಳನ್ನು ಓಡಿಸುವ ನೆಸ್ಟ್ ಎಂಬ ಸಾಫ್ಟ್‌ವೇರ್ ಓಡಿಸಿದರು. ಜಪಾನಿನ ರಿಕೆನ್ ಮತ್ತು ಜರ್ಮನಿಯ ಯೂಲಿಷ್ ಸಂಶೋಧನಾ ಕೇಂದ್ರದವರು ಅದರಲ್ಲಿದ್ದರು. 82,944 ಪ್ರೊಸೆಸರ್, 173 ಕೋಟಿ ನ್ಯೂರಾನ್, 10.4 ಲಕ್ಷ ಕೋಟಿ ಸಿನಾಪ್ಸ್. ಒಂದು ಸಿನಾಪ್ಸಿಗೆ 24 ಬೈಟ್. ಗುಣಿಸಿ ನೋಡಿ, ಸಿನಾಪ್ಸ್‌ಗಳಿಗೇ ಸುಮಾರು 250 ಟೆರಾಬೈಟ್ ಬೇಕು. ಇಷ್ಟು ಮಾಡಿದ್ದು ಮನುಷ್ಯನ ಮೆದುಳಿನ ಜಾಲದ ನೂರನೇ ಒಂದು ಪಾಲು. ಅದೂ ಕೊಂಡಿಗಳನ್ನು ಎಲ್ಲಿಂದೆಲ್ಲಿಗೋ ಅಡ್ಡಾದಿಡ್ಡಿ ಹಾಕಿದ ಜಾಲ. ಮೆದುಳಿನ ಒಂದು ಸೆಕೆಂಡಿನ ಚಟುವಟಿಕೆ ಓಡಿಸಲು 40 ನಿಮಿಷ ಹಿಡಿಯಿತು. ಈ 40 ನಿಮಿಷವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅಷ್ಟು ಪ್ರೊಸೆಸರ್ ಇದ್ದೂ ಯಾಕಿಷ್ಟು ನಿಧಾನ? ಲೆಕ್ಕ ಕಷ್ಟ ಅಂತಲ್ಲ. ಹೋಗಿ ತರುವುದು ಕಷ್ಟ. ಒಂದು ಸ್ಪೈಕ್ ಎಂದರೆ ಅಂಚೆಯವನ ಕೈಗೆ ಬಂದ ಕಾರ್ಡು, ಅದನ್ನು ಸಾವಿರ ಮನೆಗೆ ಮುಟ್ಟಿಸಬೇಕು ಅಂದುಕೊಳ್ಳಿ. ಮನೆಗಳೆಲ್ಲ ಒಂದೇ ಬೀದಿಯಲ್ಲಿದ್ದರೆ ಸರಸರ ಹಂಚಬಹುದು. ಒಂದು ಮನೆ ಈ ಊರಲ್ಲಿ, ಇನ್ನೊಂದು ಆಚೆ ಊರಲ್ಲಿ ಇದ್ದರೆ? ಬಾಗಿಲಲ್ಲಿ ಕಾರ್ಡು ಹಾಕುವುದಕ್ಕಿಂತ ಸೈಕಲ್ ತುಳಿಯುವುದರಲ್ಲೇ ದಿನ ಹೋಗುತ್ತದೆ. ಮೆಮೊರಿಯಲ್ಲಿ ಚದುರಿ ಬಿದ್ದಿರುವ ಸಿನಾಪ್ಸ್‌ಗಳ ಕಥೆಯೂ ಹೀಗೇ. ಪ್ರೊಸೆಸರ್ ಒಂದು ಕೂಡುವ ಲೆಕ್ಕ ಮಾಡಿ ಮುಗಿಸಿ, ಮುಂದಿನ ಅಂಕಿ ಮೆಮೊರಿಯಿಂದ ಬರುವವರೆಗೆ ಕೈಕಟ್ಟಿ ಕೂತಿರುತ್ತದೆ. ಚಾಟ್‌ಬಾಟ್‌ಗಳ ಹಿಂದಿರುವ ಎಐ ಜಾಲಗಳು ಒಂದೇ ಬೀದಿಯ ಮನೆಗಳ ಹಾಗೆ, ಸಾಲಾಗಿ ಜೋಡಿಸಿದ ಮ್ಯಾಟ್ರಿಕ್ಸ್. ಅದಕ್ಕೇ ಕಾರ್ಡಿನ ಡಬ್ಬಿ ಮೇಲೆ ಬರೆದಿರುವ ಟೆರಾಫ್ಲಾಪ್ ಅಂಕಿ (ಸೆಕೆಂಡಿಗೆ ಎಷ್ಟು ಲೆಕ್ಕ ಮಾಡುತ್ತದೆ ಎಂಬುದು) ಎಐಗೆ ಸರಿಹೊಂದುತ್ತದೆ, ನಮ್ಮ ಕೆಲಸಕ್ಕೆ ಜಾಸ್ತಿ ಏನೂ ಹೇಳುವುದಿಲ್ಲ. ನಾವು ನೋಡಬೇಕಾದ್ದು ಮೆಮೊರಿ ಎಷ್ಟಿದೆ ಮತ್ತು ಅದರಿಂದ ಸೆಕೆಂಡಿಗೆ ಎಷ್ಟು ಡೇಟಾ ಎಳೆಯಬಹುದು ಎನ್ನುವುದನ್ನು. (ಅಂದ ಹಾಗೆ, ನಿಮ್ಮ ಲ್ಯಾಪ್‌ಟಾಪಿನ 16 ಜಿಬಿ ಒಂದೇ ಸ್ಲಾಟಿನಲ್ಲಿದೆಯೋ, ಎರಡು ಸ್ಲಾಟಿನಲ್ಲಿ ಎಂಟೆಂಟರ ಹಾಗೆ ಇದೆಯೋ ನೋಡಿ. ಒಂದೇ ಆಗಿದ್ದು ಇನ್ನೊಂದು ಸ್ಲಾಟ್ ಖಾಲಿಯಿದ್ದರೆ, ಅಲ್ಲೊಂದು ಹಾಕಿಸಿ, ಡೇಟಾ ಎರಡು ದಾರಿಯಲ್ಲಿ ಬರುತ್ತದೆ. ಗ್ರಾಫಿಕ್ಸ್ ಕಾರ್ಡಿಗಿಂತ ಬಹಳ ಅಗ್ಗದ ಉಪಾಯ.)

ಈಗ ಸ್ನೇಹಿತನ ಕಥೆಗೆ ಬರೋಣ. ಅವರು ಹೇಳುತ್ತಿರುವುದು ಬಹುಶಃ 2021ರಲ್ಲಿ ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದಿಂದ ಬಂದ ಕೆಲಸ. ಜೇಮ್ಸ್ ನೈಟ್ ಮತ್ತು ಥಾಮಸ್ ನೊವೋಟ್ನಿ ಅಲ್ಲಿನ ಜೆನ್ ಎಂಬ ಸಾಫ್ಟ್‌ವೇರ್ ಬಳಸಿ, ಮಕಾಕ್ ಕೋತಿಯ ದೃಷ್ಟಿಗೆ ಸಂಬಂಧಿಸಿದ ಕಾರ್ಟೆಕ್ಸ್ (ಮೆದುಳಿನ ಹೊರಪದರ) ಮಾದರಿಯನ್ನು ಒಂದೇ ಜಿಪಿಯು, ಅಂದರೆ ಒಂದೇ ಗ್ರಾಫಿಕ್ಸ್ ಕಾರ್ಡಿನ ಮೇಲೆ ಓಡಿಸಿದರು. ಸುಮಾರು 41 ಲಕ್ಷ ನ್ಯೂರಾನ್, 2,400 ಕೋಟಿ ಸಿನಾಪ್ಸ್. ಕೆ ಕಂಪ್ಯೂಟರಿನ ಲೆಕ್ಕದಲ್ಲಿ ಸಿನಾಪ್ಸಿಗೆ 24 ಬೈಟ್ ಎಂದರೆ 576 ಜಿಬಿ ಬೇಕು. ಕಾರ್ಡಿನಲ್ಲಿದ್ದದ್ದು 24 ಜಿಬಿ. ಹೇಗೆ ಹಿಡಿಸಿತು?

ಹಿಡಿಸಲೇ ಇಲ್ಲ. ಅವರು ಸಿನಾಪ್ಸ್‌ಗಳನ್ನು ಇಟ್ಟುಕೊಳ್ಳಲೇ ಇಲ್ಲ. ಒಂದು ನ್ಯೂರಾನ್ ಸ್ಪೈಕ್ ಹೊಡೆದಾಗ, ಅದರ ಕೊಂಡಿಗಳು ಎಲ್ಲಿಗೆ ಹೋಗುತ್ತವೆ ಎಂಬುದನ್ನು ಆ ಕ್ಷಣಕ್ಕೆ ರ‍್ಯಾಂಡಮ್ ಅಂಕಿಗಳಿಂದ ಹುಟ್ಟಿಸಿದರು, ಕೆಲಸ ಮುಗಿದ ಮೇಲೆ ಬಿಟ್ಟುಬಿಟ್ಟರು. ಆ ಅಂಕಿಗಳು ಹುಟ್ಟುವ ಬೀಜದ ಅಂಕಿ (ಸೀಡ್) ಒಂದೇ ಆದ್ದರಿಂದ ಮುಂದಿನ ಸಲವೂ ಅದೇ ಕೊಂಡಿಗಳು ಹುಟ್ಟುತ್ತವೆ. ಜಾಣತನದ ಕೆಲಸ. ಈ ಉಪಾಯ ಹಳೆಯದು. 2005ರಲ್ಲೇ ಯುಜೀನ್ ಇಝಿಕೆವಿಚ್ ಹೀಗೆ ಮಾಡಿ 10,000 ಕೋಟಿ ನ್ಯೂರಾನ್ ಮತ್ತು ಹತ್ತಿರ ಹತ್ತಿರ 1,000 ಲಕ್ಷ ಕೋಟಿ ಸಿನಾಪ್ಸ್ ಇರುವ ಜಾಲವನ್ನು ಬರೀ 27 ಪ್ರೊಸೆಸರ್‌ಗಳ ಮೇಲೆ ಓಡಿಸಿದ್ದರು. ಒಂದು ಸೆಕೆಂಡಿಗೆ 50 ದಿನ ಹಿಡಿದಿತ್ತು. ಅಷ್ಟು ದಿನ ಅದನ್ನು ಕಾದ ತಾಳ್ಮೆಗೇ ಒಂದು ನಮಸ್ಕಾರ.

ಇಲ್ಲೇ ಇರುವುದು ಗಂಟು. ಮಗ್ಗಿ ಮತ್ತು ಅಂಗಡಿಯ ಸಾಲದ ಪುಸ್ತಕ ಎರಡನ್ನೂ ಯೋಚಿಸಿ. ಹದಿನೇಳು ಎಂಟಲ ಎಷ್ಟು ಅಂತ ಪುಸ್ತಕದಲ್ಲಿ ಬರೆದಿಡಬೇಕಿಲ್ಲ, ಕೇಳಿದಾಗಲೆಲ್ಲ ಲೆಕ್ಕ ಹಾಕಿ ಹೇಳಬಹುದು. ಆದರೆ ಮೂಲೆಮನೆಯವರು ಹೋದ ವಾರ ಎಷ್ಟು ಸಾಲ ಮಾಡಿದರು ಎಂಬುದು ಯಾವ ಮಗ್ಗಿಯಲ್ಲೂ ಸಿಗುವುದಿಲ್ಲ. ಬರೆದಿಡಲೇಬೇಕು. ಕಲಿಕೆ ಎಂದರೆ ಸಾಲದ ಪುಸ್ತಕ. ಏನೋ ಒಂದು ನಡೆಯಿತು, ಅದರಿಂದ ಈ ಕೊಂಡಿ ಸ್ವಲ್ಪ ಗಟ್ಟಿಯಾಯಿತು, ಆ ಕೊಂಡಿ ಸ್ವಲ್ಪ ಸಡಿಲವಾಯಿತು. ಈ ಬದಲಾವಣೆಯನ್ನು ಎಲ್ಲಾದರೂ ಇಟ್ಟುಕೊಳ್ಳದಿದ್ದರೆ ಮುಂದಿನ ಸಲ ಹಳೆಯ ಕೊಂಡಿಯೇ ಹುಟ್ಟುತ್ತದೆ. ಹಾಗಾಗಿ 24 ಜಿಬಿಯಲ್ಲಿ 2,400 ಕೋಟಿ ಸಿನಾಪ್ಸ್ ಓಡಿಸಬಹುದು, ಕಲಿಸಲು ಆಗುವುದಿಲ್ಲ. ಕಲಿಯುವ ಸಿನಾಪ್ಸ್ ಬೇಕೆಂದರೆ, ಅದೇ 24 ಬೈಟ್ ಲೆಕ್ಕದಲ್ಲಿ, ಆ ಕಾರ್ಡಿನಲ್ಲಿ ಹಿಡಿಸುವುದು 100 ಕೋಟಿ. ನ್ಯೂರಾನಿಗೆ ಸಾವಿರ ಕೊಂಡಿ ಅಂದರೂ 10 ಲಕ್ಷ ನ್ಯೂರಾನ್.

ಕಲಿಯುವ ಸಿನಾಪ್ಸ್ ಜಾಗ ತಿನ್ನುವುದು ಮಾತ್ರವಲ್ಲ, ಕೆಲಸವನ್ನೂ ತಿರುಗಾಮುರುಗಾ ಮಾಡುತ್ತದೆ. ಹೆಚ್ಚು ಬಳಕೆಯಲ್ಲಿರುವ ಕಲಿಕೆಯ ನಿಯಮಕ್ಕೆ ಎಸ್‌ಟಿಡಿಪಿ ಅನ್ನುತ್ತಾರೆ. ಸುದ್ದಿ ಕಳಿಸುವ ನ್ಯೂರಾನ್ ಮೊದಲು ಸ್ಪೈಕ್ ಹೊಡೆದು, ಹತ್ತಿಪ್ಪತ್ತು ಮಿಲಿಸೆಕೆಂಡಿನೊಳಗೆ ಪಡೆಯುವ ನ್ಯೂರಾನ್ ಹೊಡೆದರೆ ಕೊಂಡಿ ಗಟ್ಟಿ. ಉಲ್ಟಾ ಆದರೆ ಸಡಿಲ. 1997–98ರ ಸುಮಾರಿಗೆ ಹೆನ್ರಿ ಮಾರ್ಕ್ರಮ್ ಅವರ ಕೆಲಸದಲ್ಲಿ, ಆಮೇಲೆ ಬಿ ಮತ್ತು ಪೂ ಎಂಬ ಇಬ್ಬರು ವಿಜ್ಞಾನಿಗಳ ಪ್ರಯೋಗಗಳಲ್ಲಿ ಇದು ಸ್ಪಷ್ಟವಾಗಿ ಕಂಡಿತು. ನಿಯಮ ಎರಡು ಸಾಲಿನದು. ಆದರೆ ಕಂಪ್ಯೂಟರಿನಲ್ಲಿ ಸಿನಾಪ್ಸ್‌ಗಳನ್ನು ಕಳಿಸುವವರ ಹೆಸರಿನ ಪ್ರಕಾರ ಜೋಡಿಸಿಟ್ಟಿರುತ್ತೇವೆ. ಕಳಿಸುವವ ಹೊಡೆದರೆ ಅವನ ಸಾಲು ಎಳೆದರಾಯಿತು. ಪಡೆಯುವವ ಹೊಡೆದಾಗ ಅವನಿಗೆ ಬರುವ ಕೊಂಡಿಗಳೆಲ್ಲ ಬೇರೆ ಬೇರೆ ಸಾಲುಗಳಲ್ಲಿ ಹಂಚಿಹೋಗಿರುತ್ತವೆ. ಎಲ್ಲವನ್ನೂ ಹುಡುಕಿ ಬದಲಿಸಲು ಹೋದರೆ ಮತ್ತೆ ಅದೇ ಸೈಕಲ್ ಸವಾರಿ.

ಇದಕ್ಕೆ ಕಂಡುಕೊಂಡ ದಾರಿ ನನಗೆ ಬಹಳ ಇಷ್ಟ. ಏನೂ ಮಾಡಬೇಡಿ, ಬರೆದಿಟ್ಟುಕೊಳ್ಳಿ ಅಷ್ಟೇ. ಪಡೆಯುವವ ಯಾವಾಗ ಯಾವಾಗ ಹೊಡೆದ ಎಂಬ ಪಟ್ಟಿ ಇಟ್ಟುಕೊಂಡು ಸುಮ್ಮನಿರಿ. ಮುಂದೆ ಕಳಿಸುವವನಿಂದ ಸುದ್ದಿ ಬಂದಾಗ ಹೇಗೂ ಆ ಸಿನಾಪ್ಸನ್ನು ಮೆಮೊರಿಯಿಂದ ತರಬೇಕು. ಆಗ ಪಟ್ಟಿ ನೋಡಿ ಬಾಕಿ ಲೆಕ್ಕ ಒಟ್ಟಿಗೇ ತೀರಿಸಿಬಿಡಿ. ನೆಸ್ಟ್ ಹೀಗೆ ಮಾಡುತ್ತದೆ. ಮ್ಯಾಂಚೆಸ್ಟರಿನ ಸ್ಪಿನ್ನೇಕರ್ ಯಂತ್ರದಲ್ಲೂ ಇದೇ ದಾರಿ. ಸ್ಟೀವ್ ಫರ್ಬರ್ ತಂಡ ಕಟ್ಟಿದ ಆ ಯಂತ್ರದಲ್ಲಿ 10 ಲಕ್ಷ ಪುಟ್ಟ ಆರ್ಮ್ ಕೋರ್‌ಗಳಿವೆ. ಒಂದೊಂದರ ವೇಗ 200 ಮೆಗಾಹರ್ಟ್ಸ್, ಇವತ್ತಿನ ಅಗ್ಗದ ಮೊಬೈಲಿಗಿಂತಲೂ ಕಡಿಮೆ. ಅಲ್ಲಿನ ಹಟ ಬೇರೆ: ಮೆದುಳಿನ ಒಂದು ಸೆಕೆಂಡ್ ಎಂದರೆ ಗೋಡೆ ಗಡಿಯಾರದಲ್ಲೂ ಒಂದೇ ಸೆಕೆಂಡ್ ಆಗಬೇಕು.

ಯಾಕೆ ಈ ಹಟ? ಕೆ ಕಂಪ್ಯೂಟರಿನ 40 ನಿಮಿಷವನ್ನು ಈಗ ಹೊರಗೆ ತೆಗೆಯಿರಿ. ಸೆಕೆಂಡಿಗೆ 40 ನಿಮಿಷ ಎಂದರೆ 2,400 ಪಟ್ಟು ನಿಧಾನ. ಕೊಂಡಿಗಳು ಹೇಗಿವೆ, ಅಲೆಗಳು ಹೇಗೆ ಏಳುತ್ತವೆ ಎಂದು ನೋಡಲು ಒಂದೆರಡು ಸೆಕೆಂಡ್ ಓಡಿಸಿದರೆ ಸಾಕು, ಅಲ್ವಾ? ಕಲಿಕೆಗೆ ಸಾಕಾಗುವುದಿಲ್ಲ. ಒಂದು ಪ್ರಸಿದ್ಧ ಉದಾಹರಣೆ ತೆಗೆದುಕೊಳ್ಳೋಣ. 2015ರಲ್ಲಿ ಪೀಟರ್ ಡೀಲ್ ಮತ್ತು ಮ್ಯಾಥ್ಯೂ ಕುಕ್ ಅವರು ಎಸ್‌ಟಿಡಿಪಿ ಮಾತ್ರ ಬಳಸಿ, ಉತ್ತರ ಹೇಳಿಕೊಡದೆ, ಕೈಬರಹದ ಅಂಕಿಗಳನ್ನು ಗುರುತಿಸುವ ಜಾಲ ಮಾಡಿದರು. ಒಂದು ಚಿತ್ರ 350 ಮಿಲಿಸೆಕೆಂಡ್ ತೋರಿಸುವುದು, ಆಮೇಲೆ 150 ಮಿಲಿಸೆಕೆಂಡ್ ಬಿಡುವು. 60,000 ಚಿತ್ರಗಳ ಒಂದು ಸುತ್ತಿಗೆ 30,000 ಸೆಕೆಂಡ್, ಅಂದರೆ ಎಂಟೂ ಕಾಲು ಗಂಟೆಗೂ ಮೇಲೆ. ಒಂದೇ ಸುತ್ತು ಸಾಲುವುದಿಲ್ಲ, ಅದಿರಲಿ. ಅದೇ ಒಂದು ಸುತ್ತನ್ನು 2,400 ಪಟ್ಟು ನಿಧಾನವಾಗಿ ಓಡಿಸಿದರೆ 833 ದಿನ. ಎರಡು ವರ್ಷಕ್ಕೂ ಜಾಸ್ತಿ. ನಿಮ್ಮ ಕೊನೆಯ ವರ್ಷ ಎಂದೋ ಮುಗಿದಿರುತ್ತದೆ.

ಇದರ ಇನ್ನೊಂದು ತುದಿಯಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನವರ ಬ್ರೈನ್‌ಸ್ಕೇಲ್ಸ್ ಇದೆ. ಅಲ್ಲಿ ನ್ಯೂರಾನ್ ಸಾಫ್ಟ್‌ವೇರ್ ಅಲ್ಲ, ಚಿಪ್ಪಿನಲ್ಲೇ ಇರುವ ಅನಲಾಗ್ ಸರ್ಕ್ಯೂಟ್. ಎರಡನೇ ಪೀಳಿಗೆಯ ಚಿಪ್ಪು ನಿಜವಾದ ಮೆದುಳಿಗಿಂತ ಸುಮಾರು 1,000 ಪಟ್ಟು ವೇಗ. ಎಂಟೂ ಕಾಲು ಗಂಟೆಯ ಸುತ್ತು ಅರ್ಧ ನಿಮಿಷದ ಆಟ. ಕಲಿಕೆಯ ನಿಯಮ ಓಡಿಸಲೆಂದೇ ಚಿಪ್ಪಿನೊಳಗೆ ಪುಟ್ಟ ಪ್ರೊಸೆಸರ್ ಇಟ್ಟಿದ್ದಾರೆ. ಆದರೆ ಒಂದು ಚಿಪ್ಪಿಗೆ 512 ನ್ಯೂರಾನ್ ಮಾತ್ರ. ಸಿನಾಪ್ಸಿನ ಬಲಕ್ಕೆ 6 ಬಿಟ್, ಅಂದರೆ 64 ಮೆಟ್ಟಿಲು. ಗಾತ್ರ ಬೇಕೋ, ಕಲಿಯಲು ಸಮಯ ಬೇಕೋ ಅಂತ ಆರಿಸಿಕೊಳ್ಳಬೇಕು. ಎರಡೂ ಪೂರ್ತಿ ಕೊಡುವ ಯಂತ್ರ ಇನ್ನೂ ಬಂದಿಲ್ಲ. 2024ರಲ್ಲಿ ಇಂಟೆಲ್ ತಂದ ಹಾಲಾ ಪಾಯಿಂಟ್‌ನಲ್ಲಿ 115 ಕೋಟಿ ನ್ಯೂರಾನ್, 12,800 ಕೋಟಿ ಸಿನಾಪ್ಸ್, ಹೆಚ್ಚೆಂದರೆ 2,600 ವಾಟ್ ವಿದ್ಯುತ್. ಒಳ್ಳೆಯ ಯಂತ್ರವೇ. ಆದರೆ ಭಾಗಿಸಿ ನೋಡಿ, ಒಂದು ನ್ಯೂರಾನಿಗೆ ಬರುವುದು ಸರಾಸರಿ 111 ಸಿನಾಪ್ಸ್. ಇಂಥ ಸುದ್ದಿ ಓದುವಾಗಲೆಲ್ಲ ಈ ಭಾಗಾಕಾರ ಮಾಡುವ ಅಭ್ಯಾಸ ಇಟ್ಟುಕೊಳ್ಳಿ.

ಇನ್ನು ನಿಮ್ಮ ಎರಡನೇ ಪ್ರಶ್ನೆ, ಸಾಕಷ್ಟು ಹಾಕಿದರೆ ತಾನಾಗಿ ಕಲಿಯುತ್ತದೆಯೇ? ಇಲ್ಲ. 2012ರಲ್ಲಿ ಐಬಿಎಂನವರು ಸಿಕ್ವೊಯಾ ಸೂಪರ್ ಕಂಪ್ಯೂಟರಿನಲ್ಲಿ 53,000 ಕೋಟಿ ನ್ಯೂರಾನ್ ಓಡಿಸಿದರು. ನಮ್ಮ ತಲೆಯಲ್ಲಿರುವುದಕ್ಕಿಂತ ಆರು ಪಟ್ಟು. 1,542 ಪಟ್ಟು ನಿಧಾನವಾಗಿ ಓಡಿತು. ಯಂತ್ರ ಎಷ್ಟು ಹೊರುತ್ತದೆ ಎಂದು ನೋಡುವ ಪರೀಕ್ಷೆ ಅದು. ಅದರೊಳಗೆ ಯಾರೂ ಎದ್ದು ಕೂರಲಿಲ್ಲ.

ಅದೇ 2012ರಲ್ಲಿ ಕೆನಡಾದ ವಾಟರ್ಲೂನಲ್ಲಿ ಕ್ರಿಸ್ ಎಲಿಯಾಸ್ಮಿತ್ ತಂಡ ಸ್ಪಾನ್ ಎಂಬ ಮಾದರಿ ತಂದಿತು. 25 ಲಕ್ಷ ನ್ಯೂರಾನ್ ಮಾತ್ರ. ಅದು ಅಂಕಿ ನೋಡಿ ಗುರುತಿಸುತ್ತಿತ್ತು, ನೆನಪಿಟ್ಟು ತನ್ನ ಕೃತಕ ಕೈಯಿಂದ ಬರೆಯುತ್ತಿತ್ತು, ಹೀಗೆ ಎಂಟು ಕೆಲಸ. ಇದು ಕಲಿತು ಬಂದದ್ದೇ ಅಂತ ನೀವು ಕೇಳಬಹುದು. ಬಹುಪಾಲು ಅಲ್ಲ. ಎಷ್ಟೋ ಕೊಂಡಿಗಳ ಬಲವನ್ನು ಮೊದಲೇ ಗಣಿತದಿಂದ ಲೆಕ್ಕ ಹಾಕಿ ಕೂರಿಸಿದ್ದರು. ಬಹುಮಾನ ನೋಡಿ ಆಯ್ಕೆ ಬದಲಿಸುವ ಒಂದು ಕೆಲಸದಲ್ಲಿ ಮಾತ್ರ ಓಡುವಾಗಲೇ ಕಲಿಯುತ್ತಿತ್ತು. ನನ್ನ ಕಣ್ಣಿಗೆ ಇದೇನೂ ಕೊರತೆಯಲ್ಲ. ಏನನ್ನು ಕಟ್ಟಿಕೊಡಬೇಕು, ಏನನ್ನು ಕಲಿಯಲು ಬಿಡಬೇಕು ಎಂದು ಅವರು ಯೋಚಿಸಿ ತೀರ್ಮಾನಿಸಿದ್ದರು.

ಕೊಂಡಿಗಳ ಜೋಡಣೆ ಸರಿಯಿದ್ದರೆ ಕಲಿಕೆಯೇ ಇಲ್ಲದೆಯೂ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಹಣ್ಣಿನ ನೊಣ ಸಾಕ್ಷಿ. 2024ರಲ್ಲಿ ಅದರ ಇಡೀ ಮೆದುಳಿನ ನಕ್ಷೆ ಬಂತು, ಸುಮಾರು 1.4 ಲಕ್ಷ ನ್ಯೂರಾನ್. ಆ ನಕ್ಷೆಯನ್ನು ಇಟ್ಟುಕೊಂಡು, ತೀರಾ ಸರಳ ನ್ಯೂರಾನ್ ಮಾದರಿ ಹಾಕಿ, ಸಿಹಿ ಗುರುತಿಸುವ ನ್ಯೂರಾನ್‌ಗಳನ್ನು ತಟ್ಟಿದರು. ಸೊಂಡಿಲು ಚಾಚುವ ನ್ಯೂರಾನ್ ತಾನಾಗಿ ಎಚ್ಚೆತ್ತಿತು. ಇದಕ್ಕೆ ಸೂಪರ್ ಕಂಪ್ಯೂಟರ್ ಬೇಕಾಗಲಿಲ್ಲ, ಲ್ಯಾಪ್‌ಟಾಪಿನಲ್ಲೇ ಓಡುತ್ತದೆ. ನಿಮ್ಮದರಲ್ಲೂ ಓಡೀತು.

ನನ್ನದೇ ಒಂದು ಅನುಭವ ಹೇಳುತ್ತೇನೆ. ಮೊದಲ ಸಲ ಎಸ್‌ಟಿಡಿಪಿ ಹಾಕಿದ ಜಾಲವನ್ನು ರಾತ್ರಿ ಓಡಲು ಬಿಟ್ಟು ಮನೆಗೆ ಹೋದೆ. ಬೆಳಿಗ್ಗೆ ಬಂದು ಸ್ಪೈಕ್‌ಗಳ ಚಿತ್ರ ತೆಗೆದರೆ ಪರದೆ ಪೂರ್ತಿ ಕಪ್ಪು. ಎಲ್ಲ ನ್ಯೂರಾನ್‌ಗಳೂ ಒಟ್ಟಿಗೇ ಹೊಡೆದುಕೊಳ್ಳುತ್ತಿದ್ದವು, ಮೂರ್ಛೆರೋಗ ಬಂದ ಹಾಗೆ. ಕಾರಣ ಸರಳ. ಗಟ್ಟಿಯಾದ ಕೊಂಡಿ ಹೆಚ್ಚು ಹೊಡೆಸುತ್ತದೆ, ಹೆಚ್ಚು ಹೊಡೆದರೆ ಇನ್ನೂ ಗಟ್ಟಿಯಾಗುತ್ತದೆ. ತಡೆಯುವವರಿಲ್ಲ. ನಿಜವಾದ ಮೆದುಳಿನಲ್ಲಿ ಕಡಿವಾಣ ಇದೆ. ತೀರಾ ಜಾಸ್ತಿ ಹೊಡೆಯುವ ನ್ಯೂರಾನ್ ತನಗೆ ಬರುವ ಕೊಂಡಿಗಳನ್ನೆಲ್ಲ ನಿಧಾನವಾಗಿ ತಗ್ಗಿಸಿಕೊಳ್ಳುತ್ತದೆ. ತಡೆಯೊಡ್ಡುವ ನ್ಯೂರಾನ್‌ಗಳೂ ಪಕ್ಕದಲ್ಲೇ ಕಲಿಯುತ್ತಿರುತ್ತವೆ. ಡೀಲ್ ಮತ್ತು ಕುಕ್ ಅವರ ಜಾಲ ಹಾಳಾಗದಿದ್ದುದೂ ಇಂಥ ಕಡಿವಾಣಗಳಿಂದಲೇ. ಪದೇ ಪದೇ ಹೊಡೆಯುವ ನ್ಯೂರಾನಿಗೆ ಸ್ಪೈಕ್ ಹೊಡೆಯಲು ಮುಟ್ಟಬೇಕಾದ ವೋಲ್ಟೇಜ್ ಏರುತ್ತಾ ಹೋಗುತ್ತದೆ, ಒಂದು ಹೊಡೆದರೆ ಉಳಿದವು ತಣ್ಣಗಾಗುತ್ತವೆ. ನೀವು ಎಸ್‌ಟಿಡಿಪಿ ಬರೆಯಲು ಒಂದು ದಿನ ತೆಗೆದುಕೊಂಡರೆ, ಕಡಿವಾಣ ಹೊಂದಿಸಲು ಒಂದು ತಿಂಗಳು ಇಟ್ಟುಕೊಳ್ಳಿ.

ಸಿನಾಪ್ಸಿನೊಳಗೆ ನೆನಪು ನಿಜಕ್ಕೂ ಹೇಗೆ ಕೂರುತ್ತದೆ ಎಂಬ ಕುತೂಹಲ ನಿಮಗಿದ್ದರೆ ಬೆಂಗಳೂರಿನ ಎನ್‌ಸಿಬಿಎಸ್ (ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ) ಕಡೆ ನೋಡಿ. ಅಲ್ಲಿನ ಉಪಿಂದರ್ ಭಲ್ಲಾ ಅವರ ಗುಂಪು ಮೂಸ್ ಎಂಬ ಸಿಮ್ಯುಲೇಟರ್ ಕಟ್ಟಿದೆ. ನ್ಯೂರಾನಿನ ವಿದ್ಯುತ್ ಚಟುವಟಿಕೆ ಮತ್ತು ಅದರೊಳಗಿನ ರಾಸಾಯನಿಕ ಕ್ರಿಯೆಗಳನ್ನು ಅದು ಒಟ್ಟಿಗೇ ಓಡಿಸುತ್ತದೆ. ಎಸ್‌ಟಿಡಿಪಿಯ ಎರಡು ಸಾಲಿನ ನಿಯಮದ ಅಡಿಯಲ್ಲಿ ಕ್ಯಾಲ್ಸಿಯಂ, ಕಿಣ್ವಗಳು ಸೇರಿದ ದೊಡ್ಡ ಅಡುಗೆಮನೆಯೇ ಇದೆ ಎನ್ನುವುದು ಅಲ್ಲಿ ಗೊತ್ತಾಗುತ್ತದೆ. ಒಂದು ಸಿನಾಪ್ಸಿಗೇ ಅಷ್ಟು ಲೆಕ್ಕ ಇರುವಾಗ ಕೋಟಿಗಟ್ಟಲೆ ಓಡಿಸುವ ಮಾತೇ ಬರುವುದಿಲ್ಲ. ಪ್ರಾಜೆಕ್ಟಿಗೆ ಅದು ಭಾರವಾಗಬಹುದು, ಆದರೆ ಓದಿಕೊಳ್ಳಿ.

ಹಾಗಾದರೆ ಈಗ ಏನು ಮಾಡಬೇಕು? ನಿಮ್ಮ ಲ್ಯಾಪ್‌ಟಾಪಿನಲ್ಲಿ ಬ್ರಿಯಾನ್ 2 ಎಂಬ ಸಿಮ್ಯುಲೇಟರ್ ಹಾಕಿಕೊಳ್ಳಿ. ಉಚಿತ, ಪೈಥಾನ್‌ನಲ್ಲಿ ನ್ಯೂರಾನಿನ ಸಮೀಕರಣವನ್ನು ಬರೆದ ಹಾಗೇ ಬರೆಯಬಹುದು. ಡೀಲ್ ಮತ್ತು ಕುಕ್ ಅವರದೂ ಬ್ರಿಯಾನ್‌ನಲ್ಲೇ ಬರೆದದ್ದು. ಅವರ ಜಾಲದ ಚಿಕ್ಕ ರೂಪವನ್ನು ಮಾಡಿ. 100 ನ್ಯೂರಾನಿಗೆ ಅವರಿಗೆ ಸುಮಾರು 83 ಶೇಕಡಾ ಸರಿ ಉತ್ತರ ಸಿಕ್ಕಿತ್ತು, 400ಕ್ಕೆ 87, 6,400ಕ್ಕೆ 95. ನೀವು 400 ಇಟ್ಟುಕೊಳ್ಳಿ. ಚಿತ್ರದಲ್ಲಿ 784 ಚುಕ್ಕೆ, ಹಾಗಾಗಿ ಕಲಿಯುವ ಸಿನಾಪ್ಸ್ 3,13,600. ಸಿನಾಪ್ಸಿಗೆ 24 ಬೈಟ್ ಅಂದರೆ ಎಂಟು ಮೆಗಾಬೈಟೂ ಆಗುವುದಿಲ್ಲ, ಎರಡು ಫೋಟೋಗಳಷ್ಟು. ನೀವು ಕೊಳ್ಳಹೊರಟಿದ್ದ 24 ಜಿಬಿಗೆ ಇಲ್ಲಿ ಕೆಲಸವೇ ಇಲ್ಲ. ಬೇಕಾಗುವುದು ಸಮಯ. ಬ್ರಿಯಾನ್‌ನಲ್ಲಿ ನಿಮ್ಮ ಮಾದರಿಯನ್ನು ಸಿ++ ಆಗಿ ಬದಲಿಸಿ ಓಡಿಸುವ ಸ್ಟ್ಯಾಂಡ್‌ಅಲೋನ್ ದಾರಿ ಇದೆ. ಮೊದಲ ದಿನದಿಂದಲೇ ಅದನ್ನು ಬಳಸಿ.

ದೊಡ್ಡ ಜಾಲದ ರುಚಿಯೂ ಬೇಕು ಅನ್ನಿಸಿದರೆ ನೆಸ್ಟ್ ಹಾಕಿ. ಅದರ ಜೊತೆ ಕಾರ್ಟೆಕ್ಸ್‌ನ ಒಂದು ಪುಟ್ಟ ತುಂಡಿನ ಮಾದರಿ ಸಿಗುತ್ತದೆ, ಪೊಟ್ಯಾನ್ಸ್ ಮತ್ತು ಡೀಸ್‌ಮನ್ ಅವರದು. ಸುಮಾರು 77,000 ನ್ಯೂರಾನ್, 30 ಕೋಟಿ ಸಿನಾಪ್ಸ್. 24 ಬೈಟ್ ಲೆಕ್ಕದಲ್ಲಿ ಸಿನಾಪ್ಸಿಗೇ 7 ಜಿಬಿ ದಾಟುತ್ತದೆ, ಉಳಿದದ್ದೂ ಸೇರಿದರೆ ನಿಮ್ಮ ಯಂತ್ರ ಏದುಸಿರು ಬಿಡುತ್ತದೆ. ಹತ್ತನೇ ಒಂದಕ್ಕೆ ಇಳಿಸಿ ಓಡಿಸಿ. ಒಂದು ಎಚ್ಚರಿಕೆ: ಕೊಂಡಿಗಳನ್ನು ಕಡಿಮೆ ಮಾಡಿದರೆ ಸ್ಪೈಕ್‌ಗಳ ಸರಾಸರಿ ಸರಿಯಾಗಿಯೇ ಕಾಣಬಹುದು, ಆದರೆ ನ್ಯೂರಾನ್‌ಗಳು ಒಂದಕ್ಕೊಂದು ಎಷ್ಟು ಹೊಂದಿಕೊಂಡು ಹೊಡೆಯುತ್ತವೆ ಎಂಬುದು ಬದಲಾಗುತ್ತದೆ. ಎಸ್‌ಟಿಡಿಪಿ ನೋಡುವುದು ಅದನ್ನೇ. ಆದ್ದರಿಂದ ಇಳಿಸಿದ ಜಾಲದಲ್ಲಿ ಕಂಡ ಕಲಿಕೆಯನ್ನು ಪೂರ್ತಿ ಜಾಲಕ್ಕೂ ಅನ್ವಯಿಸಿ ಬರೆಯಬೇಡಿ.

ಜಿಪಿಯು ಬೇಕೇ ಬೇಕು ಎನ್ನುವ ದಿನ ಬಂದರೆ ಮೊದಲು ಕಾಲೇಜಿನ ಲ್ಯಾಬ್ ಅಥವಾ ಗೂಗಲ್‌ನ ಕೋಲ್ಯಾಬ್‌ನಲ್ಲಿ ಜೆನ್ ಓಡಿಸಿ ನೋಡಿ. ಸ್ಪಿನ್ನೇಕರ್ ಮತ್ತು ಬ್ರೈನ್‌ಸ್ಕೇಲ್ಸ್ ಎರಡನ್ನೂ ಯುರೋಪಿನ ಇಬ್ರೈನ್ಸ್ ಎಂಬ ಮೆದುಳು ಸಂಶೋಧನೆಯ ಆನ್‌ಲೈನ್ ವೇದಿಕೆಯ ಮೂಲಕ ದೂರದಿಂದಲೇ ಬಳಸುವ ವ್ಯವಸ್ಥೆ ಇದೆ. ನಿಮ್ಮ ಗೈಡ್ ಹೆಸರಿನಲ್ಲಿ ಅರ್ಜಿ ಹಾಕಿ ಕೇಳಿ ನೋಡಬಹುದು.

ವೈವಾದಲ್ಲಿ ಎಷ್ಟು ನ್ಯೂರಾನ್ ಓಡಿಸಿದಿರಿ ಅಂತ ಖಂಡಿತ ಕೇಳುತ್ತಾರೆ. 400 ಅಂತ ಹೇಳಲು ಸಂಕೋಚ ಬೇಡ. ಹೇಳಿದ ಕೂಡಲೇ, ಜಾಲದ ಒಂದು ಸೆಕೆಂಡಿಗೆ ಗಡಿಯಾರದಲ್ಲಿ ಎಷ್ಟು ಸೆಕೆಂಡ್ ಹಿಡಿಯಿತು, ಒಟ್ಟು ಎಷ್ಟು ಗಂಟೆ ಕಲಿಸಿದಿರಿ, ಕಡಿವಾಣ ತೆಗೆದಾಗ ಏನಾಯಿತು ಎಂಬ ಮೂರನ್ನು ಮುಂದಿಡಿ. ಪರದೆ ಪೂರ್ತಿ ಕಪ್ಪಾದ ಆ ಚಿತ್ರವನ್ನೂ ವರದಿಯಲ್ಲಿ ಹಾಕಿ. ನಿಮಗೂ ಅದು ಬಂದೇ ಬರುತ್ತದೆ.